ತೂಗು

ಅಟ್ಲಾಂಟಿಕ್ಕಿನ ನಡುವೆ ಸಾವೊ ಮಿಗೆಲ್ ದ್ವೀಪ,
ಮೀನಿನ ಹರಾಜುಕಟ್ಟೆ, ಬೆಳಗಿನ ನಾಲ್ಕೂವರೆ.
ಲಿಸ್ಬನ್ನಿನಿಂದ ಹೊಸ ತಕ್ಕಡಿ ಬಂದಿದೆ:
ಮೈಯೆಲ್ಲ ಉಕ್ಕು, ಮಾತೆಲ್ಲ ಗ್ರಾಮು.
ಮೊದಲು ದೋಣಿಯ ಹೆಸರು ಹೇಳುತ್ತದೆ,
ಆಮೇಲೆ ಮೀನಿನ ಜಾತಿ,
ಕೊನೆಗೆ, ಒಲ್ಲದ ಮನಸ್ಸಿನಿಂದ, ತೂಕ.

ಒಳಗೆ ಕೂತಿರುವ ಹಳೆಯ ಫಂಕ್ಷನ್ನಿಗೆ
ತೂಕ ಮೊದಲು ಬೇಕು, ಕಿಲೋದಲ್ಲೇ ಬೇಕು.
ಜಾತಿ ಹೇಳದಿದ್ದರೆ ಬಂಗುಡೆ ಎಂದೇ ತಿಳಿಯುತ್ತದೆ,
ಈ ಊರು ತಿಳಿದ ಹಾಗೆ.
ಹೆರ್ಮೀನಿಯೊ ಬರೆದದ್ದು, ಇಪ್ಪತ್ತೆರಡು ವರ್ಷದ ಹಿಂದೆ.
ಇಟ್ಟ ಹೆಸರು ತೂಗು.
ಮುಟ್ಟಿದರೆ ಮುನಿ.
ಒಂದು ಸಾಲು ಅಲುಗಿಸಿ ನೋಡಿ,
ಐಸಿನ ಬಾಕಿ, ವಿಧವೆಯರ ನಿಧಿ,
ಪಾದ್ರಿಯ ಹೆಸರಿಗೆ ಹೋಗುವ ಎರಡು ಮೀನು,
ಎಲ್ಲವೂ ಎಲೆ ಮಡಚಿಕೊಳ್ಳುತ್ತವೆ.

ಬರೆದ ಭಾಷೆಯೋ ಉದಾರಿ;
ಬಾಗಿಲಲ್ಲಿ ಕುಲಗೋತ್ರ ಕೇಳುವುದಿಲ್ಲ.
ತೂಕದ ಮಣೆಯ ಮೇಲೆ ದೋಣಿಯ ಹೆಸರು ಬಂದು ಕೂತಿತು,
ಕಿಲೋಗೆ ಮೂರು ಯೂರೋದಂತೆ ಗುಣಿಸಿಕೊಂಡಿತು,
ಪರದೆಯ ಮೇಲೆ ಮೂಡಿತು:
ಗಾರ್ಸಾ ಗಾರ್ಸಾ ಗಾರ್ಸಾ.
ಕಟ್ಟೆಯೆಲ್ಲ ನಕ್ಕಿತು. ಗಾರ್ಸಾದ ಯಜಮಾನ ಮಾತ್ರ
ಟೋಪಿ ತೆಗೆದು ನಿಂತ.
ಮುಳುಗಿದವರನ್ನು ಇಲ್ಲಿ ಮೂರು ಸಲ ಕೂಗುತ್ತಾರೆ.

ಗ್ರಾಸಿಯೆತ್ ಹಳೆಯದರ ಹೊಟ್ಟೆ ಬಗೆಯಲಿಲ್ಲ.
ಮೈಮೇಲೆ ಒಂದು ಅಂಗಿ ಹೊಲಿದಳು, ಹನ್ನೊಂದೇ ಸಾಲು.
ಬಂದವರನ್ನು ಹೊಸ್ತಿಲಲ್ಲೇ ತಡೆದು
ನೀನು ಮುಂದೆ ಹೋಗು, ನೀನು ಹಿಂದೆ,
ನೀನು ಸಾವಿರದಿಂದ ಭಾಗಿಸಿಕೊಂಡು ಬಾ.
ಹೆಸರು ಹೇಳಿಕೊಂಡು ಬಂದವರಿಗೆ ಸಾಲಿನ ಹಂಗಿಲ್ಲ.
ವಿಭಕ್ತಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕೆ?
ಬೆಕ್ಕು ಮೀನನ್ನು ತಿಂದಿತು,
ಮೀನನ್ನು ಬೆಕ್ಕು ತಿಂದಿತು:
ಹೇಗೆ ಹೇಳಿದರೂ ಸತ್ತದ್ದು ಮೀನೇ.

ಮಧ್ಯಾಹ್ನಕ್ಕೆ ಲೆಕ್ಕ ಸರಿಹೋಯಿತು.
ಆದರೆ ಯಾರು ತೂಗಿದ್ದು ಎಂದು ಕೇಳಿದರೆ
ಅಂಗಿ, ಎನ್ನುತ್ತಿತ್ತು ಯಂತ್ರ.
ಅಂಗಿ, ಅಂಗಿ, ಅಂಗಿ, ನಾನೂರ ಹದಿನೇಳು ಸಲ.
ಒಳಗಿನದರ ಹೆಸರು ಅಳಿಸಿಹೋಗಿತ್ತು,
ಹೆಸರಿನ ಕೆಳಗೆ ಅವನು ಬರೆದಿಟ್ಟ ಒಂದು ಮಾತೂ:
"ತಕ್ಕಡಿ ಒದ್ದೆಯಿದ್ದರೆ ನೂರು ಗ್ರಾಮು ಕಳೆ.
ಸಮುದ್ರಕ್ಕೆ ಯಾಕೆ ದುಡ್ಡು?"
ಇರಲಿ ಬಿಡು, ಲೆಕ್ಕ ಸರಿಯಿದೆಯಲ್ಲ,
ಎಂದರು ಆಫೀಸಿನವರು.

ಸಂಜೆ ಕಾಫಿಯಂಗಡಿಯಲ್ಲಿ ಹೆರ್ಮೀನಿಯೊ ಇದ್ದ.
ಹೋದ ಚಳಿಗಾಲ ಮೆದುಳಲ್ಲಿ ನಾಳವೊಂದು ಒಡೆದ ಮೇಲೆ
ಅವನ ಪದಗಳು ಮಣೆ ಬದಲಿಸಿಕೊಂಡಿವೆ.
"ಉಪ್ಪು," ಎಂದ.
ಅದೆಲಿಯೊ ಕಾಫಿ ತಂದಿಟ್ಟ.
"ನಿನ್ನೆ ಜೋರು," ಎಂದ.
ಅದೆಲಿಯೊ ಎದ್ದು ಕಿಟಕಿ ಮುಚ್ಚಿದ.
ಗ್ರಾಸಿಯೆತಳನ್ನು ನೋಡಿ "ಏಣಿ, ಏಣಿ," ಎಂದು ನಕ್ಕ.
ಏಣಿ ಅಂದರೇನು, ಅದೆಲಿಯೊಗೂ ಗೊತ್ತಿರಲಿಲ್ಲ.
ಅವಳೂ ನಕ್ಕಳು.
ಜೇಬಿನಲ್ಲಿದ್ದ ಹನ್ನೊಂದು ಸಾಲಿನ ಹಾಳೆ
ಜೇಬಿನಲ್ಲೇ ಉಳಿಯಿತು.

ಒಳಗಿನ ಒಲೆಯ ಕಡೆ ತಿರುಗಿ ಅದೆಲಿಯೊ ಕೂಗಿದ:
"ಮೇಸ್ತ್ರಿ ಹೆರ್ಮೀನಿಯೊಗೆ ಇನ್ನೊಂದು ಕಾಫಿ!"
ಉಪ್ಪಿನವನಿಗೆ ಎನ್ನಲಿಲ್ಲ.

ಅವಳು ಕತ್ತಲಲ್ಲೇ ಕಟ್ಟೆಗೆ ವಾಪಸು ನಡೆದಳು.
ಕಾವಲಿನವನು ಕೀಲಿ ಹುಡುಕುತ್ತ ಗೊಣಗಿದ.
ಹನ್ನೆರಡನೆಯ ಸಾಲು:
ಅಂಗಿಯೇ, ಯಾರನ್ನು ಹೊದ್ದಿಸಿದ್ದೀಯೋ ಅವರ ಹೆಸರಲ್ಲಿ ಓಗೊಡು,
ಅವರು ಹೇಳಿಟ್ಟದ್ದನ್ನು ಹೇಳು.

ಬೆಳಗಿನ ನಾಲ್ಕೂವರೆ, ಮಂಜು.
ಗಾರ್ಸಾ. ಬಂಗುಡೆ. ಅರವತ್ತೊಂದು ಕಿಲೋ ನಾನೂರು.
ತೂಗಿದ್ದು: ತೂಗು.
ತಕ್ಕಡಿ ಒದ್ದೆಯಿತ್ತು.